ಬ್ಯಾಗ್‌ಮನೆಯ ಬಾಲ

"ಡಾಟ್ ಶಾಪ್ ಅಂದ್ರೆ ಡಾಟ್ ಶಾಪ್. ನಮ್ಮದು ಅಂಗಡಿ ತಾನೆ?" ಎಂದ ಅಪ್ಪ, ತಟ್ಟೆ ಸರಿಸುತ್ತಾ.

ಚಿಕ್ಕಮ್ಮ ಬಿಡಬೇಕಲ್ಲ! ಅವಳಿಗೆ ಡಾಟ್ ಆನ್‌ಲೈನೇ ಆಗಬೇಕು.

ಚೂಟಿಗೆ ತಲೆ ಚಿಟ್ಟು ಹಿಡಿದುಹೋಗಿತ್ತು. ಹರಿದ ಬ್ಯಾಗ್ ರಿಪೇರಿಗೆಂದು ಅಮ್ಮ ಅಂಗಡಿ ತೆರೆಯುವವಳಿದ್ದಳು. ‘ಬ್ಯಾಗ್‌ಮನೆ’ ಎಂಬ ಹೆಸರು ಒಂದೇ ನಿಮಿಷದಲ್ಲಿ ಹೊಳೆದಿತ್ತು. ವೆಬ್‌ಸೈಟ್ ಹೆಸರಿನ ಕೊನೆಗೆ ಬರುವ ಪುಟ್ಟ ಬಾಲಕ್ಕೆ ಮಾತ್ರ ಎಂಟು ದಿನದಿಂದ ಜಗಳ. ಬೋರ್ಡ್ ಬರೆಯುವವನು ದಿನಾ ಬಂದು ಸುಮ್ಮನೆ ಹೋಗುತ್ತಿದ್ದ. ಚೂಟಿಯ ಸ್ವಂತ ಬ್ಯಾಗಿನ ಜಿಪ್ಪು ಬಾಯಿ ಬಿಟ್ಟುಕೊಂಡಿತ್ತು. ಕೇಳುವವರೇ ಇರಲಿಲ್ಲ.

"ಜನ ಏನಂತ ಟೈಪ್ ಮಾಡ್ತಾರೆ, ಅದನ್ನ ಯೋಚನೆ ಮಾಡಿ," ಎಂದು ಅಮ್ಮ ಶುರುಮಾಡಿದ್ದೇ ತಡ, ಚೂಟಿ ಕಿವಿ ಮುಚ್ಚಿಕೊಂಡು ರೂಮಿಗೆ ಓಡಿದಳು.

ಇಡೀ ಲೋಕ ಡಾಟ್ ಕಾಮ್ ಅನ್ನುತ್ತದೆ, ಇವರದ್ದೇನು ಸ್ಪೆಷಲ್ಲು? ದೊಡ್ಡವರ ಕೈಲಿ ಆಗದಿದ್ದರೆ ತಾನೇ ಮುಗಿಸುವುದು! ನೋಟ್‌ಬುಕ್ಕಿನ ಹಾಳೆ ಹರಿದು, ‘ಬ್ಯಾಗ್‌ಮನೆ ಡಾಟ್ ಕಾಮ್’ ಎಂದು ದುಂಡಗೆ ಇಪ್ಪತ್ತು ಚೀಟಿ ಬರೆದಳು. ಮಾರನೆಯ ದಿನ ಸ್ಕೂಲಲ್ಲಿ ಹಂಚಿದಳು. ಆಟದ ಮೇಷ್ಟ್ರಿಗೂ ಒಂದು ಕೊಟ್ಟಳು. ಟೀಮಿನ ಹನ್ನೆರಡು ಕಿಟ್ ಬ್ಯಾಗುಗಳ ಜಿಪ್ಪೂ ಕಿತ್ತುಹೋಗಿತ್ತು. ಅಮ್ಮನಿಗೆ ಮೊದಲ ಕೆಲಸ ಕೊಡುತ್ತೇನೆಂದು ಅವರು ಮಾತು ಕೊಟ್ಟಿದ್ದರು.

ವಾರದ ನಂತರ ಮೇಷ್ಟ್ರು ಅದೇ ಚೀಟಿ ಹಿಡಿದು ಮನೆಗೆ ಬಂದರು. "ಹೊಸ ಬ್ಯಾಗುಗಳು ಬಂದ್ವು ಮೇಡಂ, ಚೆನ್ನಾಗಿವೆ. ರಿಪೇರಿ ಬದಲು ಹೊಸದನ್ನೇ ಮಾರ್ತಿದ್ದೀರಾ ಅಂದ್ಕೊಂಡು ಈ ಚೀಟಿಲಿರೋ ವೆಬ್‌ಸೈಟಲ್ಲೇ ಆರ್ಡರ್ ಮಾಡಿಬಿಟ್ಟೆ."

ಅವರು ಹೋದ ಮೇಲೂ ಅಮ್ಮ ಬೈಯಲಿಲ್ಲ. ಮೇಷ್ಟ್ರಿಗೆಂದು ತಂದಿಟ್ಟಿದ್ದ ಹನ್ನೆರಡು ಜಿಪ್ಪುಗಳನ್ನು ಸುತ್ತಿ ಡ್ರಾಯರಿಗೆ ಹಾಕಿದಳು. ಬೈದಿದ್ದರೇ ವಾಸಿಯಿತ್ತು.

"ಆ ಹೆಸರಿನ ಡಾಟ್ ಕಾಮ್ ಬೇರೆ ಅಂಗಡಿಯವರ ಹತ್ರ ಇದೆ ಕಣೇ. ಜನ ಅಭ್ಯಾಸಬಲದಿಂದ ಅಲ್ಲಿಗೇ ಹೋಗ್ತಾರೆ ಅಂತ ತಾನೇ ನಾನು ಇಷ್ಟು ದಿನ ಬಡ್ಕೊಂಡಿದ್ದು?" ಎಂದಳು ಅಮ್ಮ.

ಮಾರನೆಯ ದಿನ ಚೂಟಿ ಉಳಿದ ಹತ್ತೊಂಬತ್ತು ಚೀಟಿಗಳನ್ನೂ ಕೇಳಿ ಕೇಳಿ ವಾಪಸ್ಸು ತಂದಳು. ಸಂಜೆ ಮತ್ತೆ ಜಗಳ ಶುರುವಾಯಿತು. ಅಂಗಡಿಯ ಹೆಸರನ್ನೇ ಬದಲಾಯಿಸೋಣ ಎಂದು ಅಮ್ಮನ ಹಟ. ಅಪ್ಪ ಒಂದು ಹೆಸರು ಹೇಳಿದ, ಚಿಕ್ಕಮ್ಮ ಇನ್ನೊಂದು.

ಚೂಟಿ ಕುರ್ಚಿ ಎಳೆದುಕೊಂಡು ಅಮ್ಮನ ಪಕ್ಕ ಕೂತಳು. ಒಂದೊಂದು ಹೆಸರಿಗೂ ಡಾಟ್ ಕಾಮ್ ಸೇರಿಸಿ ಫೋನಿನಲ್ಲಿ ಹುಡುಕಿದಳು.

"ಇದೂ ಯಾರದ್ದೋ. ಬೇರೆ ಹೇಳಿ."

ಅವಳ ಬ್ಯಾಗಿನ ಜಿಪ್ಪು ಇನ್ನೂ ಬಾಯಿ ಬಿಟ್ಟುಕೊಂಡೇ ಇತ್ತು. ಅದರ ಮಾತು ಅವಳು ಎತ್ತಲಿಲ್ಲ.