ಮಕ್ಕಳು ಎಷ್ಟು ಜನ?

ಶಮಶಾದಬಿ ನೀರಿನ ತಂಬಿಗೆ ಹಿಡಿದು ಪಡಸಾಲೆಗೆ ಬಂದ ಕೂಡಲೇ ಮಾತು ನಿಂತಿತು. ಮಗ ಅಬ್ರಾರ ಫೋನನ್ನು ಕಿವಿಯಿಂದ ತೆಗೆದು ಜೇಬಿಗೆ ಹಾಕಿಕೊಂಡ. ಸೊಸೆ ದುಪಟ್ಟಾದ ತುದಿಯಿಂದ ಕಣ್ಣೊರೆಸಿಕೊಂಡು, "ಉಳ್ಳಾಗಡ್ಡಿ ಭಾಳ ಖಾರ ಅದಾವ ಅಮ್ಮಾ" ಎಂದಳು. ಅವಳ ಮುಂದೆ ಉಳ್ಳಾಗಡ್ಡಿಯೂ ಇರಲಿಲ್ಲ, ಈಳಿಗೆಯೂ ಇರಲಿಲ್ಲ.

"ಯಾರದಪಾ ಫೋನು?"

"ಅಂಗಡೀದಮ್ಮಾ. ನೀ ಒಳಗ ಹೋಗಿ ಮಲಕೋ."

ಶಮಶಾದಬಿ ಮತ್ತೇನೂ ಕೇಳದೆ ಒಳಗೆ ಹೋದಳು. ಬಾಗಿಲ ಪರದೆಯ ಹಿಂದೆ ನಿಂತಾಗಲೇ ಅವಳು ಎಲ್ಲವನ್ನೂ ಕೇಳಿದ್ದಳು. "ಕ್ಯಾನ್ಸರ್ ಅಂತ ಅಮ್ಮಗ ಗೊತ್ತಾಗಬಾರದ್ರಿ ಡಾಕ್ಟ್ರ... ಪಿತ್ತದ ನಳಿಗ್ಯಾಗ ಕಲ್ಲೈತಿ ಅಂತನ ಹೇಳೀವಿ. ಅಕಿ ಎದಿ ಒಡಕೊಂತಾಳ!" ಎಂದು ಮಗ ಅಳುವ ದನಿಯಲ್ಲಿ ಬೇಡಿಕೊಳ್ಳುತ್ತಿದ್ದ. ಒಂದು ತಿಂಗಳ ಹಿಂದೆ ಅವಳ ಕಣ್ಣು ಅರಿಶಿಣದಂತೆ ಹಳದಿಯಾಗಿ, ಮೈಯೆಲ್ಲ ತುರಿಕೆ ಎದ್ದು, ಗದಗಿನ ದೊಡ್ಡ ದವಾಖಾನೆಯಲ್ಲಿ ಹೊಟ್ಟೆಯೊಳಗೆ ನಳಿಗೆ ಕೂಡಿಸಿ ಕಳಿಸಿದ್ದರು. ಕಲ್ಲು ಎಂದಿದ್ದರು. ಅವಳೂ ನಂಬಿದ್ದಳು.

ಆ ಫೋನಿನ ದಿನದಿಂದ ಬೆಟಗೇರಿಯ ಆ ಮನೆಯಲ್ಲಿ ಎಲ್ಲರೂ ನಾಟಕ ಆಡಿದರು. ಮಗ ನಗುನಗುತ್ತ ಮೂಸಂಬಿ ತಂದ. ಸೊಸೆ ಕೇಳಿದ್ದನ್ನೆಲ್ಲ ಮಾಡಿಕೊಟ್ಟಳು. ಮೊದಲು ಅತ್ತೆಯ ಮಾತಿಗೆ ಎದುರಾಡುತ್ತಿದ್ದವಳು ಈಗ ಎಲ್ಲದಕ್ಕೂ "ಹೂಂ ಅಮ್ಮಾ" ಅನ್ನುತ್ತಿದ್ದಳು. ಶಮಶಾದಬಿಯೂ ತನಗೇನೂ ಗೊತ್ತಿಲ್ಲದವಳಂತೆ ಕಲ್ಲನ್ನು ಬೈದಳು, ಕಲ್ಲು ಕರಗಲೆಂದು ಬಾರ್ಲಿ ನೀರು ಕುಡಿದಳು. ಗಂಡ ಶೇಖಸಾಬ ಇದ್ದಿದ್ದರೆ ಅವನ ಮುಂದಾದರೂ ಬಾಯಿ ಬಿಟ್ಟು ಅಳಬಹುದಿತ್ತು... ಅವನು ಹೋಗಿ ಎರಡು ವರ್ಷವಾಗಿತ್ತು. ಮನೆ ತುಂಬ ಜನ, ಆದರೆ ಸಾವಿನ ಮಾತನ್ನು ಹಂಚಿಕೊಳ್ಳಲು ಒಬ್ಬರೂ ಇಲ್ಲ! ಮಧ್ಯಾಹ್ನ ಎಲ್ಲರೂ ಉಂಡು ಮಲಗಿದಾಗ ಅವಳು ಗೋಡೆಗೆ ಒರಗಿ ಕುಳಿತು, ಆ ಒಂದು ಶಬ್ದವನ್ನು ಸದ್ದಿಲ್ಲದೆ ತುಟಿಯ ಮೇಲೆ ಆಡಿಸಿ ನೋಡುತ್ತಿದ್ದಳು.

ಹನ್ನೆರಡನೆಯ ದಿನ ಅಬ್ರಾರ ಅವಳನ್ನು ಮತ್ತೆ ದವಾಖಾನೆಗೆ ಕರೆದೊಯ್ದ. ಗಡ್ಡೆ ರಕ್ತನಾಳವನ್ನು ಸುತ್ತಿಕೊಂಡಿತ್ತು, ಕೊಯ್ದು ತೆಗೆಯುವಂತಿರಲಿಲ್ಲ. ಆದರೆ ಅಲ್ಲಿ ಈ ರೋಗದ ಮೇಲೆ ಒಂದು ಅಧ್ಯಯನ ನಡೆದಿತ್ತು. ಹಳೆಯ ಔಷಧದ ಜೊತೆ ಹೊಸದೊಂದನ್ನು ಸೇರಿಸಿದರೆ ರೋಗಿಗಳು ಹೆಚ್ಚು ದಿನ ಬದುಕುತ್ತಾರೆಯೇ ಎಂದು ನೋಡುವುದು. ಅದರ ಕೆಲಸ ನೋಡಿಕೊಳ್ಳುವ ನರ್ಸ್ ಸೀಮಾ, ಹೊಂಬಳದ ಹುಡುಗಿ, ಹತ್ತು ಪುಟದ ಕಾಗದ ಹಿಡಿದು ಬಂದು ಶಮಶಾದಬಿಯ ಎದುರು ಕುಳಿತಳು.

"ಕೊಡ್ರಿ, ನಾ ಸಹಿ ಮಾಡತೀನಿ" ಎಂದು ಅಬ್ರಾರ ಕೈಚಾಚಿದ. "ಅಮ್ಮಗ ಓದಾಕ ಬರೂದಿಲ್ಲ."

"ಓದಾಕ ಬರಲಿಲ್ಲಂದ್ರ ಸಾಕ್ಷಿ ಮುಂದ ನಾ ಓದಿ ಹೇಳತೀನ್ರಿ. ಅವರ ತಿಳಕೊಂಡು ಹೂಂ ಅಂದ್ರ ಹೆಬ್ಬಟ್ಟು ಒತ್ತಲಿ."

ಅಬ್ರಾರ ಅವಳನ್ನು ಬಾಗಿಲ ಕಡೆ ಕರೆದ. "ಅಕ್ಕಾರ, ನಿಮ್ಮ ಕಾಲಿಗೆ ಬೀಳತೀನಿ! ರೋಗದ ಹೆಸರು ಒಂದ ಬಿಟ್ಟು ಉಳದದ್ದೆಲ್ಲಾ ಓದ್ರಿ..."

"ಅದು ಆಗೂದಿಲ್ರಿ. ರೋಗ ಅವರದು, ಜೀವಾನೂ ಅವರದು. ಅವರಿಗೆ ತಿಳಿಸದ ನಾವು ಅವರನ್ನ ಸೇರಿಸಾಕ ಬರೂದಿಲ್ಲ."

"ಓದವ್ವಾ," ಶಮಶಾದಬಿ ಕುಳಿತಲ್ಲಿಂದಲೇ ಹೇಳಿದಳು. "ಕ್ಯಾನ್ಸರ್ ಅನ್ನೂ ಶಬ್ದಾನೂ ಬಿಡಬ್ಯಾಡ. ಹನ್ನೆರಡು ದಿನದಿಂದ ನಾ ಒಬ್ಬಾಕಿನ ಅದನ್ನ ಹೊತಗೊಂಡು ತಿರಗ್ಯಾಡಾಕತ್ತೀನಿ."

ಅಬ್ರಾರ ಗೋಡೆಗೆ ಹಣೆಯಿಟ್ಟು ಬಿಕ್ಕಿದ. ಸೀಮಾ ಓದಿದಳು. ಹೊಟ್ಟೆಯ ಹಿಂದಿರುವ ಮೇದೋಜೀರಕ ಗ್ರಂಥಿ, ಅದರಲ್ಲಿ ಬೆಳೆದ ಗಡ್ಡೆ, ಔಷಧದಿಂದ ಆಗಬಹುದಾದ ತೊಂದರೆಗಳು. ಹೊಸ ಔಷಧ ಯಾರಿಗೆ, ಹಳೆಯದಷ್ಟೇ ಯಾರಿಗೆ ಎಂಬುದನ್ನು ಕಂಪ್ಯೂಟರ್ ಆರಿಸುತ್ತದೆ, ಡಾಕ್ಟರರ ಕೈಯಲ್ಲೂ ಇಲ್ಲ. ಬೇಡವೆನಿಸಿದರೆ ಯಾವಾಗ ಬೇಕಾದರೂ ಬಿಡಬಹುದು. ಓದಿ ಮುಗಿಸಿ, ಸಾಕ್ಷಿಯ ಮುಂದೆ ಶಮಶಾದಬಿಯ ಹೆಬ್ಬಟ್ಟು ಒತ್ತಿಸಿಕೊಂಡು, ಇನ್ನೊಂದು ಹಾಳೆ ತೆಗೆದು ಮನೆತನದ ವಿವರ ಕೇಳತೊಡಗಿದಳು.

"ನಿಮ್ಮ ತವರಮನ್ಯಾಗ ಯಾರಿಗರೆ ಹಿಂಗ ಆಗಿತ್ತೇನ್ರಿ?"

ಲಕ್ಷ್ಮೇಶ್ವರದ ತವರಿನಲ್ಲಿ ಶಮಶಾದಬಿಯ ತಾಯಿ ಕಾಮಾಲೆಯಿಂದ ಸತ್ತಿದ್ದಳು. ತಮ್ಮನೂ ಹಾಗೆಯೇ, ನಲವತ್ತೇಳಕ್ಕೆ, ಹಳದಿಯಾಗಿ ಒಣಗಿ ಕಡ್ಡಿಯಾಗಿ ಹೋಗಿದ್ದ. ಗಿಡಮೂಲಿಕೆ ಕೊಡಿಸಿದ್ದರು. ಯಾರೂ ಆಗ ಬೇರೆ ಹೆಸರು ಹೇಳಿರಲಿಲ್ಲ. ಅದನ್ನೆಲ್ಲ ಹೇಳಿದಳು.

ಸೀಮಾಳ ಪೆನ್ನು ನಿಂತಿತು. "ಹಂಗಾದ್ರ ವಂಶದಾಗ ಇಳಕೊಂಡು ಬಂದಿರಬಹುದ್ರಿ. ರಕ್ತದಾಗ ನೋಡತೀವಿ. ನಿಮಗ ಮಕ್ಕಳು ಎಷ್ಟು ಜನ?"

"ನಾ ಒಬ್ಬನ," ಅಬ್ರಾರ ತಟ್ಟನೆ ಅಂದ.

ಒಂಬತ್ತು ವರ್ಷದಿಂದ ಆ ಮನೆಯಲ್ಲಿ ಇದೇ ಉತ್ತರ. ಆ ಉತ್ತರವನ್ನು ಕಲಿಸಿದವಳು ಶಮಶಾದಬಿಯೇ.

"ಇಬ್ಬರು," ಎಂದಳು. "ಹಿರೇ ಮಗಳು ಅದಾಳ. ಶಾಹಿಸ್ತಾ. ಬರಕೊಳ್ಳವ್ವಾ..."

ಒಂಬತ್ತು ವರ್ಷದ ಹಿಂದೆ ಶಾಹಿಸ್ತಾ ಶಿರಹಟ್ಟಿಯ ಗಂಡನ ಮನೆಯಿಂದ ಹಣೆ ಒಡೆಸಿಕೊಂಡು, ಎರಡು ವರ್ಷದ ಅಲ್ಫಿಯಾಳನ್ನು ಸೊಂಟದ ಮೇಲೆ ಹೊತ್ತು ಬಂದಿದ್ದಳು. ಅಂದು ಪಡಸಾಲೆಯಲ್ಲಿ ಅಬ್ರಾರನಿಗೆ ಹೆಣ್ಣು ಕೊಡುವವರು ಕುಳಿತಿದ್ದರು. ಗಂಡನನ್ನು ಬಿಟ್ಟು ಬಂದ ಮಗಳನ್ನು ಅವರು ಕಂಡರೆ ಸಂಬಂಧ ಮುರಿದೀತೆಂದು ಶಮಶಾದಬಿ ಅವಳನ್ನು ಹಿತ್ತಲಿನಿಂದಲೇ ತಿರುಗಿ ಕಳಿಸಿದ್ದಳು. "ಮದಿವಿ ಆದ ಮ್ಯಾಲೆ ಅದ ನಿನ್ನ ಮನಿ. ಹೊಡದ್ರೂ ಅದ, ಕಡದ್ರೂ ಅದ! ಹೋಗು..." ಶಾಹಿಸ್ತಾ ಶಿರಹಟ್ಟಿಗೆ ತಿರುಗಿ ಹೋಗಲಿಲ್ಲ. ಮುಂಡರಗಿಯಲ್ಲಿ ಗೆಳತಿಯೊಬ್ಬಳ ಮನೆ ಸೇರಿ, ಹೊಲಿಗೆ ಕಲಿತು, ತಾನೇ ಮಗಳನ್ನು ಸಾಕಿಕೊಂಡಳು. ಅಪ್ಪ ಸತ್ತಾಗ ಬಂದು ಓಣಿಯ ಹೆಂಗಸರ ಹಿಂದೆ ನಿಂತು ಮುಖ ನೋಡಿ, ಒಂದು ಗುಟುಕು ನೀರೂ ಕುಡಿಯದೆ ಹೊರಟುಹೋಗಿದ್ದಳು.

ಕಂಪ್ಯೂಟರ್ ಶಮಶಾದಬಿಗೆ ಹಳೆಯ ಔಷಧವನ್ನಷ್ಟೇ ಆರಿಸಿತು. ಅಬ್ರಾರ ಕೂಗಾಡಿದ. "ಹೊಸಾದು ಕೊಡೂದಿಲ್ಲಂದ್ರ ನಾವ್ಯಾಕ ಇರಬೇಕು? ಬಿಡು ಅಮ್ಮಾ, ಹೋಗೂಣು!"

"ಹಳೇದು ತಗೊಳ್ಳಾವ್ರು ಇಲ್ಲಂದ್ರ ಹೊಸಾದು ಚಲೋ ಐತೋ ಇಲ್ಲೋ ಹೆಂಗ ತಿಳೀತೈತಪಾ? ಯಾರರೆ ಈ ಕಡೆನೂ ಕುಂಡ್ರಬೇಕಲ್ಲ" ಎಂದಳು. ಸೂಜಿ ಚುಚ್ಚಿಸಿಕೊಂಡಳು, ವಾಂತಿ ಮಾಡಿದಳು, ಮತ್ತೆ ಹೋಗಿ ಕುಳಿತಳು.

ಆರು ವಾರಕ್ಕೆ ರಕ್ತದ ವರದಿ ಬಂತು. ಸೀಮಾ ಹೇಳಿದ್ದು ನಿಜವಾಗಿತ್ತು. ವಂಶವಾಹಿಯಲ್ಲಿ ದೋಷವಿತ್ತು, ಮಕ್ಕಳಲ್ಲಿ ಪ್ರತಿಯೊಬ್ಬರಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಅಬ್ರಾರ ಪರೀಕ್ಷೆ ಮಾಡಿಸಿಕೊಂಡ. ಅವನಿಗೆ ಇರಲಿಲ್ಲ.

"ಮಗಳಿಗೆ ನೀವ ಹೇಳಬೇಕ್ರಿ ಅಮ್ಮಾರ" ಎಂದಳು ಸೀಮಾ. "ಇದ್ದರ ವರ್ಷಕ್ಕೊಮ್ಮೆ ಸ್ಕ್ಯಾನ್ ಮಾಡಿ ನೋಡೂ ಇನ್ನೊಂದು ಅಧ್ಯಯನ ಐತಿ. ಗಡ್ಡಿ ಸಣ್ಣದಿದ್ದಾಗ ಸಿಕ್ಕರ ತಗೀಬಹುದು. ನಿಮ್ಮ ತಮ್ಮ ನಲವತ್ತೇಳಕ್ಕ ಹೋದದ್ದು ನೋಡಿದ್ರ ಮಗಳಿಗೆ ಈಗಿಂದನ ಶುರು ಮಾಡಬೇಕು."

ಅಬ್ರಾರ ಫೋನು ಹಚ್ಚಿದರೆ ಸಾಕೆಂದ. ಶಮಶಾದಬಿ ಕೇಳಲಿಲ್ಲ. ಮರುದಿನ ಅವನು ಅಂಗಡಿಗೆ ಹೋದ ಮೇಲೆ, ಸೊಸೆ ಬೇಡಬೇಡವೆಂದರೂ, ಒಬ್ಬಳೇ ಮುಂಡರಗಿ ಬಸ್ಸು ಹತ್ತಿದಳು. ಔಷಧದಿಂದ ಕೂದಲು ಉದುರಿ ತಲೆ ಬರಿದಾಗಿತ್ತು, ಕಾಲು ಜೋಮು ಹಿಡಿದಿತ್ತು. ಡಂಬಳ ದಾಟುವಾಗ ಕಂಡಕ್ಟರ್ ಅವಳ ಮುಖ ನೋಡಿ, "ಸಂಗಾಟ ಯಾರೂ ಇಲ್ಲೇನಬೇ?" ಎಂದು ಕೇಳಿದ. ಅವಳು ತಲೆಯಲ್ಲಾಡಿಸಿ ಕಿಟಕಿಯ ಕಡೆ ತಿರುಗಿದಳು.

ಮುಂಡರಗಿಯಲ್ಲಿ ಇಳಿದು ಕೇಳುತ್ತ ಕೇಳುತ್ತ ಹೋದಾಗ ಒಂದು ಬಾಡಿಗೆ ಮನೆಯ ಮುಂದಿನ ಕೋಣೆಯಲ್ಲಿ ನಾಲ್ಕು ಹೊಲಿಗೆಯಂತ್ರ, ನಾಲ್ಕು ಹುಡುಗಿಯರು. ಅವರ ನಡುವೆ ಕತ್ತರಿ ಹಿಡಿದು ಬಟ್ಟೆ ಕೊಯ್ಯುತ್ತಿದ್ದ ಶಾಹಿಸ್ತಾ ತಲೆಯೆತ್ತಿದಳು. ಮೂವತ್ತೆಂಟಕ್ಕೇ ಬೈತಲೆಯ ಎರಡೂ ಬದಿ ಬೆಳ್ಳಗಾಗಿತ್ತು. ಅವಳು ಹುಡುಗಿಯರನ್ನು ಚಹಾ ಕುಡಿದು ಬರಲು ಕಳಿಸಿದಳು. ತಾಯಿಗೆ ಕುಳಿತುಕೋ ಎನ್ನಲಿಲ್ಲ.

"ಮಾಫಿ ಕೇಳಾಕ ಬಂದೀಯೇನು?"

"ಇಲ್ಲ. ಮಾಫಿ ಕೇಳಿದ್ರ ನನಗ ಹಗುರಾಗತೈತಿ, ನಿನಗೇನು ಸಿಗತೈತಿ? ಖಬರ ಕೊಡಾಕ ಬಂದೀನಿ."

ಶಮಶಾದಬಿ ನಿಂತೇ ಹೇಳಿದಳು. ಅಜ್ಜಿಯದು, ಮಾಮನದು, ತನ್ನದು. ಸೆರಗಿನ ಗಂಟಿನಿಂದ ಸೀಮಾ ಕೊಟ್ಟ ಕಾಗದ ತೆಗೆದು ಚಾಚಿದಳು. ಶಾಹಿಸ್ತಾ ಎರಡು ಸಲ ಓದಿದಳು.

"ತವರಮನಿಯಿಂದ ನನಗ ಬಂದದ್ದು ಇದೊಂದ ಏನಮ್ಮಾ?" ಎಂದಳು. "ಅಂದು ಒಂದು ರಾತ್ರಿ ಮಲಗಾಕ ಜಾಗಾ ಕೊಡಲಿಲ್ಲ... ಇದನ್ನ ಕೊಡಾಕ ಬಸ್ ಹತ್ತಿ ಬಂದಿ!"

"ಹೌದು," ಎಂದಳು ತಾಯಿ. ಕಣ್ಣೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. "ನಿನಗ ಕೊಡಬಾರದ್ದನ್ನ ಕೊಟ್ಟೀನಿ. ಕೊಡಬೇಕಾದ್ದನ್ನ ಕೊಡಲಿಲ್ಲ. ನನ್ನ ಮ್ಯಾಲಿನ ಸಿಟ್ಟಿಗೆ ಈ ಕಾಗದ ಹರೀಬ್ಯಾಡವ್ವಾ... ಅಲ್ಫಿಯಾ ಇನ್ನೂ ಸಣ್ಣಾಕಿ. ಅಕಿಗೆ ನೀ ಬೇಕು."

ಅಷ್ಟರಲ್ಲಿ ಶಾಲೆಯ ಚೀಲ ಹೊತ್ತ ಹುಡುಗಿಯೊಬ್ಬಳು ಒಳಗೆ ಬಂದಳು. ಹನ್ನೊಂದು ವರ್ಷದವಳು, ಶೇಖಸಾಬನದೇ ಮೂಗು. ಮುದುಕಿಯನ್ನು ನೋಡಿ, "ಯಾರಮ್ಮಾ ಇವರು?" ಎಂದಳು.

"ಗದಗಿನವರು," ಎಂದಳು ಶಾಹಿಸ್ತಾ.

ಶಮಶಾದಬಿ ಆ ಹುಡುಗಿಯ ತಲೆ ಮುಟ್ಟಲು ಎತ್ತಿದ ಕೈಯನ್ನು ಹಿಂದೆ ಎಳೆದುಕೊಂಡಳು. ತಿರುಗಿ ಬರುವಾಗ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಒಂದು ತಾಸು ಕುಳಿತಳು. ಸುತ್ತ ನೂರು ಜನ ಬಂದರು, ಹೋದರು. ಅವಳನ್ನು ಹುಡುಕಿಕೊಂಡು ಯಾರೂ ಬರಲಿಲ್ಲ. ತಪ್ಪು ತನ್ನದೆಂದು ಗೊತ್ತಿದ್ದರೂ ಅವಳು ರಸ್ತೆಯ ಕಡೆಗೇ ನೋಡುತ್ತಿದ್ದಳು.

ಮೂರು ವಾರದ ಮೇಲೆ ಸೀಮಾ ಅವಳ ಕಿವಿಯಲ್ಲಿ, "ನಿಮ್ಮ ಮಗಳು ಬಂದು ರಕ್ತ ಕೊಟ್ಟು ಹೋದ್ರು" ಎಂದಳು. ಶಾಹಿಸ್ತಾ ತಾಯಿಯ ವಾರ್ಡಿನ ಕಡೆ ಸುಳಿದಿರಲಿಲ್ಲ. ವರದಿ ಬಂದ ಮೇಲೆ, ದೋಷ ಅವಳಲ್ಲೂ ಇದೆಯೆಂದು ಗೊತ್ತಾದುದೂ, ಅಧ್ಯಯನಕ್ಕೆ ಸೇರಿದ್ದೂ ಅವಳೇ ಸೀಮಾಳ ಮೂಲಕ ಹೇಳಿ ಕಳಿಸಿದ್ದರಿಂದ ಶಮಶಾದಬಿಗೆ ತಿಳಿಯಿತು. ಆ ದಿನ ಅವಳು ಉಣ್ಣಲಿಲ್ಲ.

ಏಳನೆಯ ತಿಂಗಳು ಡಾಕ್ಟರರು ಶಮಶಾದಬಿಯ ಹಾಸಿಗೆಯ ಬದಿಗೆ ಕುಳಿತು, ಔಷಧಕ್ಕೆ ಗಡ್ಡೆ ಬಗ್ಗುತ್ತಿಲ್ಲ, ಇನ್ನು ನೋವಿಗಷ್ಟೇ ಕೊಡುತ್ತೇವೆ ಎಂದರು. ಅಬ್ರಾರ ಚಹಾ ತರಲು ಕೆಳಗೆ ಹೋಗಿದ್ದ. ಅವಳು ಒಬ್ಬಳೇ ಕೇಳಿಸಿಕೊಂಡು, "ಆತ್ರಿ ಸಾಹೇಬ್ರ" ಎಂದಳು. ಅವರು ಹೋದ ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ಶಾಹಿಸ್ತಾ ನಿಂತಿದ್ದಳು, ಕೈಯಲ್ಲಿ ಸ್ಕ್ಯಾನಿನ ದೊಡ್ಡ ಲಕೋಟೆ.

"ಏನೂ ಇಲ್ಲಂತ," ಎಂದಳು. "ಮತ್ತ ಬರೂ ವರ್ಷ ಬಾ ಅಂದಾರ."

ಶಮಶಾದಬಿ ಕಣ್ಣು ಮುಚ್ಚಿದಳು. "ಯಾ ಅಲ್ಲಾ..." ಎಂಬುದಷ್ಟೇ ಬಾಯಿಂದ ಬಂತು.

"ನಿನಗೇನಂದ್ರು?"

ಚಲೋ ಐತಿ ಎಂದುಬಿಡಬಹುದಿತ್ತು. "ನಂದು ಮುಗೀತವ್ವಾ" ಎಂದಳು. "ಔಷಧ ನಿಲ್ಲಿಸ್ಯಾರ."

ಶಾಹಿಸ್ತಾ ಸ್ಟೂಲು ಎಳೆದುಕೊಂಡು ಕುಳಿತಳು. "ನಾ ನಿನ್ನ ಮಾಫ ಮಾಡೀನಿ ಅಂತ ತಿಳ್ಕೋಬ್ಯಾಡ" ಎಂದಳು. "ನನ್ನ ಬಸ್ ಐದಕ್ಕೈತಿ. ಅಲ್ಲೀತನಕಾ ಕುಂಡರತೀನಿ."

"ಕುಂಡರು... ಸಾಕು."

ತಾಯಿಯ ಒಣಗಿದ ಕೈ ಚಾದರದ ಮೇಲೆ ಬಿದ್ದಿತ್ತು. ಶಾಹಿಸ್ತಾ ಅದನ್ನು ನೋಡುತ್ತಲೇ ಇದ್ದಳು. ಆಮೇಲೆ ಮೆಲ್ಲಗೆ ಚಾದರ ಎಳೆದು ಆ ಕೈಗೆ ಹೊದಿಸಿದಳು.

"ಬರೂ ವರ್ಷ ಸ್ಕ್ಯಾನಿಗೆ ನಿನ್ನ ಸಂಗಾಟ ಯಾರ ಬರತಾರ?" ಶಮಶಾದಬಿ ಕೇಳಿದಳು.

"ಒಬ್ಬಾಕಿನ ಬರತೀನಿ. ನನಗ ರೂಢಿ ಐತಿ."

ಬಾಗಿಲಲ್ಲಿ ಚಹಾದ ಕಪ್ಪು ಹಿಡಿದು ಅಬ್ರಾರ ಯಾವಾಗ ಬಂದು ನಿಂತಿದ್ದನೋ!

"ನಾ ಬರತೀನಿ, ಆಪಾ" ಎಂದ ಅಕ್ಕನಿಗೆ.

ಶಾಹಿಸ್ತಾ ತಿರುಗಿ ನೋಡಿದಳು. ಅವನ ಕೈಯಿಂದ ಕಪ್ಪು ಇಸಿದುಕೊಂಡಳು. ಶಮಶಾದಬಿ ಇಬ್ಬರ ಮುಖವನ್ನೂ ಒಟ್ಟಿಗೆ ನೋಡಿ ಒಂಬತ್ತು ವರ್ಷವಾಗಿತ್ತು. ಐದಕ್ಕೆ ಇನ್ನೂ ಮುಕ್ಕಾಲು ತಾಸು ಇತ್ತು. ಅವಳು ಮಾತಾಡಿ ಅದನ್ನು ಕಳೆಯಲಿಲ್ಲ, ನೋಡುತ್ತ ಮಲಗಿದಳು.