ಎಲ್ಲರ ಮುಂದ ಹೇಳ್ರಿ

"ಮರಿಲಿಂಗ ಅಂದ್ರ ನೀವೇನ್ರಿ?"

ಸುರಪುರದ ಕಂಪ್ಯೂಟರ್ ತರಬೇತಿ ಕೇಂದ್ರದ ಬಾಗಿಲಲ್ಲಿ ನಿಂತ ಹುಡುಗಿಯ ಕಣ್ಣು ಕೆಂಪಾಗಿದ್ದವು. ಪಾಠ ಹೇಳುತ್ತಿದ್ದ ತರುಣ ತಲೆಯೆತ್ತಿದ.

"ಹೌದ್ರಿ... ತಾವು?"

"ಬಸವೇಶ್ವರಿ, ಶಹಾಪುರದಾಕಿ. ನೀವು ಕಿತ್ತೊಗದದ್ದು ನನ್ನ ಕೆಲಸಾನ!"

ಮರಿಲಿಂಗ ಎದ್ದು ನಿಂತ. ಇಷ್ಟು ದಿನ ಬರಹದಲ್ಲಷ್ಟೇ ಕಂಡವಳು ಇವಳೇ!

ಅವಳು ಕೆಲಸ ಮಾಡಿದ್ದು ಕಣ್ಣಿಲ್ಲದವರಿಗೆ ಕನ್ನಡ ಓದಿ ಹೇಳುವ ತಂತ್ರಾಂಶಕ್ಕೆ. ಯಾರು ಬೇಕಾದರೂ ತಿದ್ದಬಹುದು, ಬೆಳೆಸಬಹುದು. ದೂರದೂರದವರು ಸೇರಿ ಕಟ್ಟುತ್ತಿದ್ದರು. ಅಲ್ಲಿ ಒಂದೇ ಕಟ್ಟಳೆ: ಒಬ್ಬರ ಕೆಲಸವನ್ನು ಒಪ್ಪುವುದಿರಲಿ, ತಳ್ಳುವುದಿರಲಿ, ಎಲ್ಲರಿಗೂ ಕಾಣುವ ಚರ್ಚೆಯ ಪುಟದಲ್ಲಿ ಕಾರಣ ಬರೆಯಬೇಕು. ಅದನ್ನು ಕಾಯುವ ಹೊಣೆ ಮರಿಲಿಂಗನದು. ಅವನೇ ಮುರಿದಿದ್ದ!

"ನಮ್ಮ ದೊಡ್ಡವ್ವಗ ಕಣ್ಣಿಲ್ಲ. ಆಕಿ ಸಲುವಾಗಿ ಕುಂತು ಬರದಿದ್ದೆ. ತೆಗೀವಾಗ ಒಂದು ಸಾಲು ಕಾರಣಿಲ್ಲ! ಕೇಳಿದ್ರ ಉತ್ತರಿಲ್ಲ! ಯಾರನ್ನ ಕೇಳಿ ತೆಗದ್ರಿ?"

"ನಮ್ಮ ಕೂಡ ಇದನ್ನ ಕಟ್ಟೋ ಗೆಳೆಯ ಅಬ್ರಾರನ ಜೋಡಿ ಫೋನಿನಾಗ ಮಾತಾಡಿ..."

"ಫೋನಿನಾಗ! ಹಂಗಾದ್ರ ಆ ಪುಟ ಯಾಕ ಇಟ್ಟೀರಿ, ಪೂಜಾ ಮಾಡಾಕೇನು?"

ಹಿಂದಿನ ಬೆಂಚಿನಲ್ಲಿ ನಗು ಎದ್ದಿತು. "ಚಹಾ ಕುಡದು ಬರ್ರೋ," ಎಂದು ಮರಿಲಿಂಗ ಎಲ್ಲರನ್ನೂ ಹೊರಗೆ ಕಳಿಸಿದ.

'ದಿನವೂ ಇವನ ಬರಹಕ್ಕೆ ಕಾಯುತ್ತಿದ್ದೆ, ಎಷ್ಟು ನಂಬಿದ್ದೆ... ಇವನೂ ಹೀಗೆಯೇ?' ಅವಳು ಒಳಗೆ ಬಂದು ಅವನ ಮೇಜಿನೆದುರು ನಿಂತಳು.

"ಅದರಾಗ ತಪ್ಪಿತ್ರಿ. ನಡುವ ಇಂಗ್ಲಿಷ್ ಶಬ್ದ ಬಂದ್ರ ಓದೂದ ನಿಂತುಬಿಡ್ತಿತ್ತು. ಪುಟದಾಗ ಬರದ್ರ ಮಂದಿ ನಿಮ್ಮನ್ನ ಅಂತಾರ... ನಿಮಗ ನೋವಾಗಬಾರದಂತ..."

"ನಾನೇನು ಕೂಸೇನ್ರಿ? ಹೇಳಿದ್ರ ತಿದ್ದತಿದ್ದೆ! ಗಂಡಸರ ತಪ್ಪಾದ್ರ ಎಲ್ಲರ ಮುಂದ ಜಗಳಾಡ್ತೀರಿ. ನನಗಷ್ಟೇ ಈ ಕರುಣಾ! ಇದು ಮರ್ಯಾದಿ ಅಲ್ಲ, ಅವಮಾನ!"

ನ್ಯಾಯವಾದ ಸಿಟ್ಟು. ಬಾಯಿಬಿಡದ ಪ್ರೀತಿ ಎಷ್ಟೋ ಸಲ ಅನ್ಯಾಯವನ್ನೇ ಮಾಡುತ್ತದೆ. ಶಿವನು ಮಾತು ಕೊಟ್ಟದ್ದು ನುಂಗುವುದಕ್ಕಲ್ಲ. ಕೇಳಬೇಕಾದವರು ಎದುರಿಗಿರುವಾಗಲೇ ಹೇಳಬೇಕು.

ಮರಿಲಿಂಗ ಅವಳ ಎದುರಿಗೇ ಪುಟ ತೆರೆದು ಬರೆದ: 'ಬಸವೇಶ್ವರಿಯವರ ಕೆಲಸವನ್ನು ಕಾರಣ ಹೇಳದೆ ತೆಗೆದದ್ದು ನನ್ನ ತಪ್ಪು. ಅದರಲ್ಲಿನ ದೋಷ: ನಡುವೆ ಇಂಗ್ಲಿಷ್ ಪದ ಬಂದರೆ ಓದು ನಿಲ್ಲುತ್ತದೆ. ಅವರೇ ತಿದ್ದಲಿ, ನಾವೆಲ್ಲ ಇಲ್ಲಿಯೇ ಚರ್ಚಿಸೋಣ.'

ಅವಳು ಎರಡು ಸಲ ಓದಿದಳು. ಸಿಟ್ಟು ಇಳಿಯಿತು, ಪ್ರಶ್ನೆ ಉಳಿಯಿತು.

"ನನಗೊಬ್ಬಾಕಿಗೇ ಯಾಕ ಹಂಗ ಮಾಡಿದ್ರಿ?"

ಅವನು ಕೀಲಿಮಣೆಯಿಂದ ಕೈ ತೆಗೆದು ಅವಳತ್ತ ತಿರುಗಿದ.

"ನಿಮ್ಮ ಬರಹ ಬರದಿದ್ದ ದಿನ ನನಗ ಊಟ ಸೇರಲ್ರಿ... ನಿಮ್ಮ ಮ್ಯಾಲ ಮನಸಾಗ್ಯಾದ. ಇದನ್ನೂ ಎಲ್ಲರ ಮುಂದ ಬರೀಲೇನು?"

"ಏ ಹುಚ್ಚಪ್ಪ!" ಅವಳು ಥಟ್ಟನೆ ಅವನ ಕೈ ಹಿಡಿದಳು. "ಇದು ನನಗೊಬ್ಬಾಕಿಗೇ ಸಾಕು."

"ಮತ್ತ... ಒಪ್ಪಿಗಿ ಏನ್ರಿ?"

"ಒಪ್ಪೀನಿ. ಇನ್ನೊಮ್ಮೆ ಮಾತು ಮುಚ್ಚಿಟ್ರ ನೋಡ್ರಿ!"

"ಇಲ್ರಿ... ಶಿವನಾಣೆ."

ಕುರ್ಚಿ ಎಳೆದು ಪಕ್ಕದಲ್ಲೇ ಕುಳಿತಳು. ಹಿಡಿದ ಕೈ ಇನ್ನೂ ಬಿಟ್ಟಿರಲಿಲ್ಲ.

"ಹಂಗಾದ್ರ ತೋರಸ್ರಿ, ಎಲ್ಲಿ ತಪ್ಪೀನಿ?"