ಮಗುಚಿಟ್ಟ ಇಟ್ಟಿಗೆಗಳು

“ಈ ಇಟ್ಟಿಗೆ ಮಾತ್ರ ಮನೆ ಒಳಗೆ ಬೇಡ ಸಾರ್. ಪುಡಿ ಮಾಡಿ ಹೊರಗೆ ಸುರಿದುಬಿಡಿ,” ಎಂದ ಗಾರೆ ಮೇಸ್ತ್ರಿ.

ಇಂಜಿನಿಯರ್ ಅಷ್ಟರಲ್ಲಿ ಒಂದು ಇಟ್ಟಿಗೆಯನ್ನೆತ್ತಿ, ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಗೆ ಹಿಡಿದು ಅದರ ನಾದ ಕೇಳುತ್ತಿದ್ದ. ಮನೆ ಕೊಂಡು ತಿಂಗಳಾಗಿರಲಿಲ್ಲ. ಆಗಲೇ ಅದರ ಬಾಗಿಲು, ಚಿಲಕ, ತೊಲೆ ಯಾವುದನ್ನೂ ಎಸೆಯಕೂಡದೆಂದು ಅವನ ಅಪ್ಪಣೆ ಹೊರಟಿತ್ತು. ಬಾಗಿದ ಮೊಳೆಗಳನ್ನೂ ತಟ್ಟಿ ನೆಟ್ಟಗೆ ಮಾಡಿಸಿ ಡಬ್ಬಿಗೆ ತುಂಬಿಸುತ್ತಿದ್ದ. ಮುದುಕಿಯಾದ ಮೇಲೂ ತನ್ನನ್ನು ಬಿಸಾಡುವುದಿಲ್ಲ ಎಂಬುದು ಈಗ ಖಾತ್ರಿಯಾಯಿತು ಎಂದು ಹೆಂಡತಿ ನಕ್ಕಿದ್ದಳು.

ಇಟ್ಟಿಗೆಗಳು ಬಂದದ್ದು ಹಿಂದಿನ ಕೋಣೆಯಿಂದ. ಯಾವ ಕಾಲದಲ್ಲೋ ಅದರ ಬಾಗಿಲಿಗೆ ಗೋಡೆ ಎಬ್ಬಿಸಿ ಮುಚ್ಚಿದ್ದರು. ಒಡೆದು ನೋಡಿದರೆ ಒಳಗೆ ಏನೂ ಇರಲಿಲ್ಲ. ಆರಿದ ದೀಪದ ಬತ್ತಿಯಂಥ ಕಮಟು ವಾಸನೆಯೊಂದು ಮೂಗಿಗೆ ಬಡಿದು ಹೋಯಿತು, ಅಷ್ಟೆ. ಇಟ್ಟಿಗೆಯ ಒಂದು ಮೈಯಲ್ಲಿ ಗಾರೆ ಕೂರಲೆಂದು ಅಂಗೈಯಷ್ಟು ಗುಳಿ ಇರುತ್ತದೆ. ಕಟ್ಟುವವರು ಅದನ್ನು ಮೇಲೆ ಮಾಡಿ ಗಾರೆ ತುಂಬುತ್ತಾರೆ. ಇಲ್ಲಿ ಅಷ್ಟನ್ನೂ ಮಗುಚಿ ಇಟ್ಟಿದ್ದರು. ಗುಳಿಗಳು ಖಾಲಿ. ಒಳಗೆಲ್ಲ ಕಾಡಿಗೆ ಬಳಿದಿತ್ತು.

ಆ ಗೋಡೆ ಕಟ್ಟಿದ್ದು ಮೇಸ್ತ್ರಿಯ ಅಪ್ಪನಂತೆ. ಮನೆಯ ಅತ್ತೆಗೆ ಸೊಸೆಯ ಮಾತು ಅತಿಯಾಯಿತಂತೆ. ಮಾಟಗಾರನನ್ನು ಕರೆಸಿ ಬಾಯಿ ಕಟ್ಟಿಸಿದಳಂತೆ. ಸೊಸೆ ಆಡಿದ ಮಾತೆಲ್ಲ ಒಂದೊಂದಾಗಿ ಆ ಗುಳಿಗಳಿಗೆ ಇಳಿದು, ಆಕೆ ಮೂವತ್ತು ವರ್ಷ ಮೂಗಿಯಾಗಿ ಬಾಳಿ ಸತ್ತಳಂತೆ. ಇಂಜಿನಿಯರ್ ಪೂರ್ತಿ ಕೇಳಿಸಿಕೊಂಡ. ಅತ್ತೆ-ಸೊಸೆ ಜಗಳಕ್ಕೆ ಇಷ್ಟು ಅಗ್ಗದ ಪರಿಹಾರ ಇದ್ದಿದ್ದರೆ ಕೋರ್ಟುಗಳಿಗೆ ಬೀಗ ಬೀಳುತ್ತಿತ್ತು ಎಂದ.

ಅವನ ಹೆಂಡತಿ ಕಣ್ಣು ಕಾಣದವರಿಗಾಗಿ ಪುಸ್ತಕಗಳನ್ನು ಗಟ್ಟಿಯಾಗಿ ಓದಿ ರೆಕಾರ್ಡ್ ಮಾಡುತ್ತಿದ್ದಳು. ಅವಳ ಹೊಟ್ಟೆಪಾಡೂ ಅದೇ, ಹುಚ್ಚೂ ಅದೇ. ಬೀದಿಯ ಗದ್ದಲ ತಡೆಯಲು ಅವಳ ಕೋಣೆಗೊಂದು ದಪ್ಪ ಗೋಡೆ ಬೇಕಿತ್ತು.

“ಕಟ್ಟಲೇಬೇಕು ಅಂದ್ರೆ ಗುಳಿ ಮೇಲೆ ಮಾಡಿ ತುಂಬಿಬಿಡ್ತೀನಿ ಸಾರ್.”

“ಬೇಡ. ಒಳಗೆ ಗಾಳಿ ನಿಂತರೆ ಸದ್ದು ದಾಟಲ್ಲ. ಹಳಬರು ದಡ್ಡರಲ್ಲ ಮೇಸ್ತ್ರಿ, ಮಗುಚೇ ಇಡು.”

“ಹಂಗಾದ್ರೆ ಸುಣ್ಣದ ಗಾರೆಯಾದ್ರೂ ಹಾಕಿಸಿ. ನಾಳೆ ಬಿಚ್ಚಬೇಕು ಅಂದ್ರೆ ಇಡಿಯಾಗಿ ಬರತ್ತೆ. ಸಿಮೆಂಟು ಹಿಡಿದ್ರೆ ಇಟ್ಟಿಗೆ ಸೀಳತ್ತೆ, ಗಾರೆ ಬಿಡಲ್ಲ.”

“ಬಿಚ್ಚೋದಕ್ಕೆ ಯಾರಾದ್ರೂ ಗೋಡೆ ಕಟ್ತಾರಾ?”

ಸಿಮೆಂಟಿನಲ್ಲೇ ಗೋಡೆ ಎದ್ದಿತು. ನೋಡಲು ಚೆಂದವಾಗಿತ್ತು, ಅದನ್ನು ಅಲ್ಲಗಳೆಯುವಂತಿಲ್ಲ.

ಮೊದಲು ಹೋದದ್ದು ‘ನೀರು’. ಓದುವಾಗ ಅವಳ ತುಟಿ ಆಡಿತು. ರೆಕಾರ್ಡ್ ಹಾಕಿ ಕೇಳಿದರೆ ಆ ಜಾಗದಲ್ಲಿ ಬರೀ ಮೌನ. ಊಟಕ್ಕೆ ಕುಳಿತಾಗಲೂ ಅವಳಿಗೆ ಆ ಮಾತು ಬರಲಿಲ್ಲ, ಲೋಟ ತೋರಿಸಿದಳು. ಮಾರನೆಯ ದಿನ ‘ಮೆಟ್ಟಿಲು’, ‘ಬೇಗ’, ‘ಅಕ್ಕ’. ಆಮೇಲೆ ಪುಟಗಟ್ಟಲೆ. ಬರೆಯಹೊರಟರೆ ಆ ಪದದ ಹತ್ತಿರ ಪೆನ್ನಿನ ಮೊನೆ ಕಾಗದವನ್ನು ಹರಿಯುತ್ತಿತ್ತು. ಡಾಕ್ಟರು ಗಂಟಲಿಗೆ ಟಾರ್ಚ್ ಬಿಟ್ಟು ನೋಡಿ ದಣಿವು ಎಂದರು. ಕೋಣೆಯ ಬಾಗಿಲು ಹಾಕಿದ್ದಾಯಿತು. ಅಡುಗೆಮನೆಯಲ್ಲಿ ಆಡಿದ್ದೂ ಹೋಯಿತು. ನಾಲ್ಕನೆಯ ವಾರ ಶುರುವಾಗುವ ಹೊತ್ತಿಗೆ ಅವಳ ಬಾಯಲ್ಲಿ ಉಳಿದದ್ದು ಉಸಿರು.

ಒಂದು ಮಧ್ಯಾಹ್ನ ಇಂಜಿನಿಯರ್ ಆ ಕೋಣೆಗೆ ಹೋಗಿ ಗೋಡೆಗೆ ಕಿವಿ ಇಟ್ಟ. ಇಟ್ಟಿಗೆ ಮೈಬಿಸಿಯಷ್ಟು ಬೆಚ್ಚಗಿತ್ತು. ಬತ್ತಿಯ ಕಮಟು. ಒಳಗೆ ಯಾರೋ ಪಿಸುಗುಟ್ಟುತ್ತಿದ್ದರು. ನೀರು. ಬೇಗ. ಅಕ್ಕ. ಅವಳದೇ ದನಿ. ಅದರ ಹಿಂದೆ, ಬಹಳ ಹಿಂದೆ, ಇನ್ನೊಂದು ಹೆಂಗಸಿನ ದನಿ ಅದನ್ನೇ ಕಲಿಯುತ್ತಿತ್ತು.

ಮೇಸ್ತ್ರಿ ಬಂದ. ನಾನು ಅವತ್ತೇ ಹೇಳಿದ್ದೆ ಎನ್ನಲಿಲ್ಲ. ಅದು ಅವನ ದೊಡ್ಡತನ. ಇಡೀ ಇಟ್ಟಿಗೆಯನ್ನು ತೆಗೆದು ಗುಳಿಯನ್ನು ಬಿಸಿಲಿಗೆ ಹಿಡಿದರೆ ಅದರಲ್ಲಿದ್ದ ಮಾತು ಹಿಂದಕ್ಕೆ ಬರುತ್ತದೆ ಎಂದ. ಒಡೆದರೆ, ಹೋದದ್ದು ಹೋಯಿತು.

“ಹಂಗೇ ಬಿಟ್ಟರೆ?”

“ಗೋಡೆ ಪೂರ್ತಿ ಬಲಿತ ಮೇಲೆ ಒಂದೂ ಬರಲ್ಲ ಸಾರ್. ಆ ಸೊಸೇದು ಬಂತಾ?”

ಸಿಮೆಂಟು ಬಲಿಯಲು ಇಪ್ಪತ್ತೆಂಟು ದಿನ. ಅದನ್ನು ಇಂಜಿನಿಯರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅಂದು ಇಪ್ಪತ್ತೇಳು.

ಮೇಲಿನ ಸಾಲಿನಿಂದ ಶುರು ಮಾಡಿದರು. ಮೇಸ್ತ್ರಿ ಉಳಿ ಇಟ್ಟು ಹಗುರವಾಗಿ ತಟ್ಟಿದ. ಸಂದಿನ ಸಿಮೆಂಟು ಕದಲಲಿಲ್ಲ. ಇಟ್ಟಿಗೆ ಸೀಳಿತು. ಸೀಳಿನಿಂದ ಅವಳ ದನಿ ಸ್ಪಷ್ಟವಾಗಿ, ಕೋಣೆಯ ನಡುವೆ ನಿಂತು ಹೇಳಿದಂತೆ, “ಬೆಳಕು” ಎಂದಿತು. ಮತ್ತೆ ಇಲ್ಲ. ಬಾಗಿಲಲ್ಲಿ ನಿಂತಿದ್ದ ಅವಳು ಆ ಮಾತನ್ನು ಹಿಡಿಯಲೆಂಬಂತೆ ಬಾಯಿ ತೆರೆದಳು.

ಇನ್ನೊಂದು. ಸೀಳಿತು. “ಚಿಕ್ಕಮ್ಮ.” ಇನ್ನೊಂದು. “ಹಸಿವು, ಹಾಸಿಗೆ.” ಇಂಜಿನಿಯರ್ ಉಳಿ ಕಸಿದುಕೊಂಡ. ಗರಗಸ ಹಾಕಿದ. ಸಂದಿಗೆ ನೀರು ಬಿಟ್ಟ. ಉಗುರು ಕಿತ್ತುಬಂತು. ಕೆಂಪು ಧೂಳು ಮೂಗಿಗೆ, ಗಂಟಲಿಗೆ. ಚಟ್. “ನಗು.” ಚಟ್. “ನನ್ನ.” ಒಂದು ಇಡಿಯಾಗಿ ಬಂತು. ಮೇಸ್ತ್ರಿ ಮಗುವನ್ನು ಒಯ್ಯುವಂತೆ ಅಂಗಳಕ್ಕೆ ಒಯ್ದ. ಚಟ್. ಚಟ್. “ರೀ” ಎಂದಿತು ಗೋಡೆ. ಅವನು ಅಭ್ಯಾಸಬಲದಿಂದ “ಹಾಂ?” ಎಂದು ತಿರುಗಿದ. ಅವಳು ಅಳುತ್ತಿದ್ದಳು, ಸದ್ದಿಲ್ಲದೆ.

ಹೊತ್ತು ಇಳಿಯುವ ಮೊದಲು ಕೆಲಸ ಮುಗಿಯಿತು. ಮುನ್ನೂರು ಇಟ್ಟಿಗೆಗಳಲ್ಲಿ ಒಂಬತ್ತು ಉಳಿದವು. ಅಂಗಳದಲ್ಲಿ ಅಂಗಾತ ಮಲಗಿದ ಅವುಗಳ ಪಕ್ಕ ಅವಳು ಕುಳಿತಿದ್ದಳು. ಬಿಸಿಲು ತಾಗಿದಂತೆ ಒಂದೊಂದೇ ಮಾತು ತುಟಿಗೆ ಬಂತು: ಚಮಚ, ಆದರೂ, ಛತ್ರಿ, ಮೂರನೆಯ. ಒಟ್ಟು ನಲವತ್ತೆರಡು. ಇಂಜಿನಿಯರ್ ಒಂದೊಂದಕ್ಕೂ ಕಾದ. ತನಗೆ ಸಂಬಂಧಪಟ್ಟದ್ದು ಒಂದೂ ಇರಲಿಲ್ಲ. ಹೊಸದಾಗಿ ಕಲಿಯಬಹುದಲ್ಲವೇ ಎಂದು ಮೇಸ್ತ್ರಿಯನ್ನು ಕೇಳಿದ. ಆ ಸೊಸೆಗೂ ಊರವರೆಲ್ಲ ಹೇಳಿಕೊಟ್ಟಿದ್ದರಂತೆ. ಅಷ್ಟು ಹೇಳಿ ಮೇಸ್ತ್ರಿ ಕರಣೆ ತೊಳೆದುಕೊಂಡು ಹೊರಟುಹೋದ.

ಎರಡು ದಿನ ಅವಳು ತನ್ನ ಮಾತುಗಳನ್ನು ಅಕ್ಕಿ ಆರಿಸುವಂತೆ ಆರಿಸಿದಳು. ಗೋಡೆಯಿಲ್ಲದ ಕೋಣೆಗೆ ಬೀದಿಯ ಗದ್ದಲವೆಲ್ಲ ನುಗ್ಗುತ್ತಿತ್ತು. ಮೂರನೆಯ ಬೆಳಿಗ್ಗೆ ಅವನು ಕಾಫಿ ತಂದಿಟ್ಟು, ಕ್ಷಮೆ ಕೇಳುವ ಮಾತುಗಳನ್ನು ಉದ್ದಕ್ಕೆ ಜೋಡಿಸಿ ಹೇಳಿದ. ಅವಳು ಕೊನೆಯವರೆಗೂ ಕೇಳಿದಳು. ಆಮೇಲೆ ನಲವತ್ತೆರಡರಲ್ಲಿ ಮೂರನ್ನು ತೆಗೆದು ಮೇಜಿನ ಮೇಲಿಟ್ಟಳು.

“ಗುರುವಾರ. ಬಸ್ಸು. ಒಬ್ಬಳೇ.”

ಎಷ್ಟು ಹೊತ್ತಿಗೆ ಎಂದು ಅವನು ಕೇಳಿದ. ಅವಳು ಬೆರಳು ತೋರಿಸಿದಳು: ಆರು.